ಒಂದರ ಆಸರೆಯನ್ನು ಇನ್ನೊಂದು ಕಸಿಯುವಾಗ: ಬಹುವಿಧ ಅಂಗವೈಕಲ್ಯದ ಕುರಿತು

ಕಣ್ಣು ಕಾಣದ ಮಗುವಿನ ಜೊತೆ ನಾವು ಹೇಗಿರುತ್ತೇವೆ? ಮಾತನಾಡುತ್ತಲೇ ಇರುತ್ತೇವೆ. "ಇಲ್ಲಿ ಹೊಸ್ತಿಲಿದೆ, ಕಾಲೆತ್ತಿ ಇಡು. ಅಜ್ಜಿ ನಿನ್ನ ಎಡಗಡೆ ಕುಳಿತಿದ್ದಾರೆ. ಈಗ ತಟ್ಟೆಗೆ ಅನ್ನ ಹಾಕುತ್ತೇನೆ." ಕಿವಿ ಕೇಳದ ಮಗುವಿನ ಜೊತೆ? ಎಲ್ಲವನ್ನೂ ತೋರಿಸುತ್ತೇವೆ. ಕೈಸನ್ನೆ, ಮುಖಭಾವ, ಚಿತ್ರ, ಕಲಿತವರಾದರೆ ಸಂಜ್ಞಾ ಭಾಷೆ. ಒಂದು ದಾರಿ ಮುಚ್ಚಿದೆ ಎಂದು ಗೊತ್ತಾದ ಕೂಡಲೇ ಇನ್ನೊಂದು ದಾರಿ ಹಿಡಿಯುತ್ತೇವೆ. ಇದನ್ನು ಯಾರೂ ನಮಗೆ ಹೇಳಿಕೊಡಬೇಕಾಗಿಲ್ಲ.

ಈಗ ಕಣ್ಣೂ ಕಾಣದ, ಕಿವಿಯೂ ಕೇಳದ ಮಗುವನ್ನು ನೆನೆಯಿರಿ. ಮಾತು ತಲುಪುವುದಿಲ್ಲ, ಸನ್ನೆ ಕಾಣುವುದಿಲ್ಲ. ಅಂಧ ಮಕ್ಕಳ ಶಾಲೆಗೆ ಕರೆದೊಯ್ದರೆ, "ನಮ್ಮಲ್ಲಿ ಕೇಳಿಸಿಕೊಂಡು ಕಲಿಯುವ ಮಕ್ಕಳಿದ್ದಾರೆ, ಇವನಿಗೆ ಹೇಗೆ ಕಲಿಸುವುದು?" ಎನ್ನುತ್ತಾರೆ. ಕಿವುಡ ಮಕ್ಕಳ ಶಾಲೆಯಲ್ಲಿ, "ನಮ್ಮದು ನೋಡಿ ಕಲಿಯುವ ಶಾಲೆ" ಎನ್ನುತ್ತಾರೆ. ಇಬ್ಬರ ಮಾತೂ ನಿಜವೇ. ಆದರೆ ಎರಡು ನಿಜಗಳ ನಡುವೆ ಸಿಕ್ಕ ಮಗು ಮನೆಯ ಮೂಲೆಯಲ್ಲಿ ಉಳಿದುಬಿಡುತ್ತದೆ.

ಈ ಸಭೆಗೆ ಬಂದಿರುವ ಪೋಷಕರಿಗೆ, ಶಿಕ್ಷಕರಿಗೆ, ಕಾರ್ಯಕರ್ತರಿಗೆ ವಿಶೇಷ ಶಿಕ್ಷಕಿಯಾಗಿ ನಾನು ಈ ಹೊತ್ತು ಹೇಳಬೇಕೆಂದಿರುವ ಮುಖ್ಯ ವಿಷಯ ಇದೇ. ಬಹುವಿಧ ಅಂಗವೈಕಲ್ಯ ಎಂದರೆ ಒಂದು ನ್ಯೂನತೆಯ ಪಕ್ಕದಲ್ಲಿ ಇನ್ನೊಂದನ್ನು ಇಟ್ಟು ಕೂಡಿಸಿದ ಲೆಕ್ಕವಾಗುವುದಿಲ್ಲ. ಒಂದು ನ್ಯೂನತೆಗೆ ಇದ್ದ ಆಸರೆಯನ್ನು ಇನ್ನೊಂದು ಕಸಿದುಕೊಳ್ಳುತ್ತದೆ. ನಡೆಯಲಾಗದವನಿಗೆ ಗಾಲಿಕುರ್ಚಿ ಕೊಡಬಹುದು, ಆದರೆ ಕೈಯಲ್ಲಿ ಬಲವಿಲ್ಲದಿದ್ದರೆ ಅದನ್ನು ಅವನು ತಳ್ಳಲಾರ. ಮಾತು ಬಾರದವಳಿಗೆ ಚಿತ್ರಗಳಿರುವ ಸಂವಹನ ಫಲಕ ಕೊಡಬಹುದು, ಆದರೆ ಬೆರಳು ಗುರಿ ತಪ್ಪುತ್ತಿದ್ದರೆ, ದೃಷ್ಟಿ ನಿಲ್ಲದಿದ್ದರೆ ಆ ಫಲಕದಿಂದ ಉಪಯೋಗವಿಲ್ಲ. ಆದ್ದರಿಂದ ಪ್ರತಿ ನ್ಯೂನತೆಗೂ ಬೇರೆ ಬೇರೆ ಪರಿಹಾರ ತಂದು ಪೇರಿಸುತ್ತ ಹೋದರೆ ಪ್ರಯೋಜನವಿಲ್ಲ. ಈ ವ್ಯಕ್ತಿಯಲ್ಲಿ ತೆರೆದಿರುವ ದಾರಿ ಯಾವುದು ಎಂದು ಹುಡುಕಿ, ಉಳಿದದ್ದನ್ನೆಲ್ಲ ಆ ದಾರಿಯ ಸುತ್ತ ಕಟ್ಟಬೇಕು.

ಕಾನೂನಿನಲ್ಲಿ ಇದಕ್ಕೆ ಜಾಗ ಸಿಕ್ಕಿದ್ದು ನಿಧಾನವಾಗಿ. 1995ರ ಅಂಗವಿಕಲರ ಕಾಯ್ದೆ ಏಳು ಬಗೆಯ ಅಂಗವೈಕಲ್ಯಗಳನ್ನು ಮಾತ್ರ ಗುರುತಿಸಿತ್ತು, ಬಹುವಿಧ ಅಂಗವೈಕಲ್ಯ ಅದರಲ್ಲಿ ಇರಲಿಲ್ಲ. 1999ರ ರಾಷ್ಟ್ರೀಯ ನ್ಯಾಸ ಕಾಯ್ದೆ, ಅಂದರೆ ನ್ಯಾಷನಲ್ ಟ್ರಸ್ಟ್ ಕಾಯ್ದೆ, ಆಟಿಸಂ, ಸೆರೆಬ್ರಲ್ ಪಾಲ್ಸಿ (ಮಿದುಳಿಗೆ ಪೆಟ್ಟಾಗಿ ಕೈಕಾಲುಗಳ ಚಲನೆಗೆ ತೊಡಕಾಗುವ ಸ್ಥಿತಿ), ಬೌದ್ಧಿಕ ವಿಕಲತೆಗಳ ಜೊತೆಗೆ ಇದನ್ನೂ ಸೇರಿಸಿತು. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ ಪಟ್ಟಿಯನ್ನು 21ಕ್ಕೆ ಏರಿಸಿ, ಬಹುವಿಧ ಅಂಗವೈಕಲ್ಯವನ್ನೂ ಅದರೊಳಗೆ ಕಿವುಡು-ಅಂಧತ್ವವನ್ನೂ ಹೆಸರಿಸಿ ಹೇಳಿತು. 2011ರ ಜನಗಣತಿಯ ಪ್ರಕಾರ ದೇಶದಲ್ಲಿ ಬಹುವಿಧ ಅಂಗವೈಕಲ್ಯ ಇರುವವರು ಸುಮಾರು 21 ಲಕ್ಷ, ನಮ್ಮ ಕರ್ನಾಟಕದಲ್ಲಿ ಸುಮಾರು ಒಂದು ಲಕ್ಷ. ಮನೆಗೆ ಬಂದ ಗಣತಿದಾರರಿಗೆ ಮಗುವಿನ ಒಂದು ತೊಂದರೆಯನ್ನು ಮಾತ್ರ ಹೇಳಿದ ಕುಟುಂಬಗಳು ಎಷ್ಟಿದ್ದವೋ. ನಿಜವಾದ ಸಂಖ್ಯೆ ಇದಕ್ಕಿಂತ ಹೆಚ್ಚಿರಬೇಕು ಎಂದೇ ನನ್ನ ಅನಿಸಿಕೆ.

ಅಂಗವೈಕಲ್ಯ ಪ್ರಮಾಣಪತ್ರದ ಬಗ್ಗೆಯೂ ಒಂದು ಲೆಕ್ಕ ಹೇಳಿಬಿಡುತ್ತೇನೆ. ಪೋಷಕರು ದಯವಿಟ್ಟು ಬರೆದುಕೊಳ್ಳಿ. ಎರಡು ನ್ಯೂನತೆಗಳಿದ್ದಾಗ ವೈದ್ಯರು ಎರಡರ ಶೇಕಡಾವಾರನ್ನು ನೇರವಾಗಿ ಕೂಡಿಸುವುದಿಲ್ಲ. ಸರ್ಕಾರದ ಮಾರ್ಗಸೂಚಿಯಲ್ಲಿ ಅದಕ್ಕೊಂದು ಸೂತ್ರವಿದೆ. ಹೆಚ್ಚಿರುವ ಅಂಕಿಯನ್ನು 90ರಿಂದ ಕಳೆಯಬೇಕು. ಉಳಿದದ್ದನ್ನು ಕಡಿಮೆ ಇರುವ ಅಂಕಿಯಿಂದ ಗುಣಿಸಿ 90ರಿಂದ ಭಾಗಿಸಬೇಕು. ಬಂದದ್ದನ್ನು ಹೆಚ್ಚಿನ ಅಂಕಿಗೆ ಸೇರಿಸಬೇಕು. ನಿಮ್ಮ ಮಗುವಿಗೆ ದೈಹಿಕ ನ್ಯೂನತೆ ಶೇ. 36, ಶ್ರವಣ ದೋಷ ಶೇ. 30 ಎಂದಿಟ್ಟುಕೊಳ್ಳೋಣ. ಎರಡೂ ಶೇ. 40ರ ಕೆಳಗಿವೆ. ಬಿಡಿಯಾಗಿ ನೋಡಿದರೆ ಹೆಚ್ಚಿನ ಸೌಲಭ್ಯಗಳಿಗೆ ಬೇಕಾದ ಮಟ್ಟ ಮುಟ್ಟುವುದಿಲ್ಲ. ಸೂತ್ರ ಹಾಕಿ ನೋಡಿ: 90ರಲ್ಲಿ 36 ಕಳೆದರೆ 54, ಅದನ್ನು 30ರಿಂದ ಗುಣಿಸಿ 90ರಿಂದ ಭಾಗಿಸಿದರೆ 18, ಒಟ್ಟು ಶೇ. 54. ಬಾಗಿಲು ತೆರೆಯಿತು. ಮೂಳೆ ವೈದ್ಯರ ಹತ್ತಿರ ಮಾತ್ರ ಹೋಗಿ ಬಂದು, "ಶೇ. 36 ಬಂತು, ಏನೂ ಸಿಗುವುದಿಲ್ಲವಂತೆ" ಎಂದು ಸುಮ್ಮನಾದ ಮನೆಗಳು ನಮ್ಮ ತಾಲ್ಲೂಕುಗಳಲ್ಲಿ ಇವೆ. ಯುಡಿಐಡಿ ಕಾರ್ಡಿಗೆ, ಅಂದರೆ ಅಂಗವಿಕಲರ ವಿಶಿಷ್ಟ ಗುರುತಿನ ಚೀಟಿಗೆ, ಅರ್ಜಿ ಹಾಕುವಾಗ ಎಲ್ಲ ನ್ಯೂನತೆಗಳನ್ನೂ ನಮೂದಿಸಿ, ಎಲ್ಲದರ ತಪಾಸಣೆಯೂ ಆಗಲಿ ಎಂದು ಪಟ್ಟು ಹಿಡಿಯಿರಿ.

ಕಾಗದದಲ್ಲಿ ಎರಡರ ಮೊತ್ತ ಕೂಡಿಕೆಗಿಂತ ಕಡಿಮೆ ಬರುತ್ತದೆ. ಬದುಕಿನಲ್ಲಿ ಅದು ಕೂಡಿಕೆಗಿಂತ ಎಷ್ಟೋ ಹೆಚ್ಚು ಎಂಬುದು ಇಲ್ಲಿ ಕುಳಿತಿರುವ ತಾಯಂದಿರಿಗೆ ಗೊತ್ತು.

ಇದೆಲ್ಲ ಯಾಕೆ ಆಗುತ್ತದೆ ಎಂದು ಎಲ್ಲರೂ ಕೇಳುತ್ತಾರೆ. ಕಾರಣಗಳು ಹಲವು. ಅವಧಿಗೆ ಮುನ್ನ ಹುಟ್ಟುವುದು, ಹೆರಿಗೆಯ ಹೊತ್ತಿನಲ್ಲಿ ಮಿದುಳಿಗೆ ಆಮ್ಲಜನಕ ಸಾಲದಿರುವುದು, ಹುಟ್ಟಿದ ಮೇಲೆ ತೀವ್ರವಾದ ಕಾಮಾಲೆ, ಮಿದುಳು ಜ್ವರ. ಗರ್ಭಿಣಿಗೆ ಮೊದಲ ಮೂರು ತಿಂಗಳಲ್ಲಿ ರುಬೆಲ್ಲಾ ಸೋಂಕು ತಗುಲಿದರೆ ಮಗುವಿಗೆ ಕಣ್ಣಿನ ಪೊರೆ, ಕಿವುಡುತನ, ಹೃದಯದ ದೋಷ ಮೂರೂ ಒಟ್ಟಿಗೆ ಬರಬಹುದು. ತಾಯಿಗೆ ಬಂದದ್ದು ಸಣ್ಣ ಜ್ವರ, ಮೈಮೇಲೆ ಒಂದಿಷ್ಟು ದದ್ದು, ಅಷ್ಟೇ. 2017ರ ಫೆಬ್ರವರಿಯಲ್ಲಿ ದಡಾರ-ರುಬೆಲ್ಲಾ ಲಸಿಕೆ ಅಭಿಯಾನ ಶುರುವಾದಾಗ ಮೊದಲ ಹಂತದ ರಾಜ್ಯಗಳಲ್ಲಿ ಕರ್ನಾಟಕವೂ ಇತ್ತು. ಆಗ ಕೆಲವು ಊರುಗಳಲ್ಲಿ ವದಂತಿ ನಂಬಿ ಮಕ್ಕಳನ್ನು ಶಾಲೆಗೆ ಕಳಿಸದೇ ಇದ್ದವರು ಇದ್ದರು. ಆಶಾ ಕಾರ್ಯಕರ್ತೆಯರಿಗೆ ನಾನು ಕೈಮುಗಿದು ಹೇಳುವುದು, ಮಗುವಿಗೆ ಒಂಬತ್ತನೇ ತಿಂಗಳು ತುಂಬಿದ ಮೇಲಿನ ಆ ಚುಚ್ಚುಮದ್ದನ್ನು ಒಂದು ಮನೆಯಲ್ಲೂ ಬಿಡಬೇಡಿ.

ಇನ್ನೊಂದು, ನಮ್ಮ ಕಡೆ ಹೇಳಲು ಹಿಂಜರಿಯುವ ಮಾತು. ಅಷರ್ ಸಿಂಡ್ರೋಮ್ ಎಂಬ ಆನುವಂಶಿಕ ಸ್ಥಿತಿ ಇದೆ. ಮಗು ಕಿವುಡಾಗಿ ಹುಟ್ಟುತ್ತದೆ. ಹತ್ತು ಹನ್ನೆರಡು ವರ್ಷದ ಹೊತ್ತಿಗೆ ಸಂಜೆಗತ್ತಲಲ್ಲಿ ಎಡವತೊಡಗುತ್ತದೆ, ಆಮೇಲೆ ಪಕ್ಕದಲ್ಲಿರುವುದು ಕಾಣದಾಗುತ್ತದೆ. ತಂದೆ ತಾಯಿ ಇಬ್ಬರಿಂದಲೂ ಒಂದೇ ದೋಷದ ಜೀನ್ ಬಂದಾಗ ಮಾತ್ರ ಇದು ಕಾಣಿಸಿಕೊಳ್ಳುತ್ತದೆ. ಸೋದರಮಾವನಿಗೆ ಅಕ್ಕನ ಮಗಳನ್ನು ಕೊಡುವ ಮನೆತನಗಳಲ್ಲಿ ಆ ಸಾಧ್ಯತೆ ಹೆಚ್ಚು. ಆಗಿಹೋದ ಮದುವೆಗೆ ಯಾರನ್ನೂ ದೂರಬೇಕಾಗಿಲ್ಲ, ಮುಂದಿನ ಮದುವೆ ಮಾತುಕತೆಗೆ ಮೊದಲು ಆನುವಂಶಿಕ ಸಲಹೆ ಪಡೆಯಿರಿ. ಕಿವುಡ ಮಕ್ಕಳ ಶಾಲೆಯ ಶಿಕ್ಷಕರು ಇಲ್ಲಿದ್ದೀರಿ. ಸಂಜೆ ಆಟದಲ್ಲಿ ಚೆಂಡು ತಪ್ಪಿಸಿಕೊಳ್ಳುವ, ಕತ್ತಲೆಯ ಮೊಗಸಾಲೆಯಲ್ಲಿ ಗೋಡೆ ಹಿಡಿದು ನಡೆಯುವ ಮಗುವನ್ನು "ಅಜಾಗರೂಕ" ಎಂದು ಗದರುವ ಮೊದಲು ಕಣ್ಣಿನ ತಪಾಸಣೆ ಮಾಡಿಸಿ. ಸಂಜ್ಞೆ ಮಾಡುವಾಗ ಕೈಗಳನ್ನು ಅಗಲಕ್ಕೆ ಚಾಚದೆ ಎದೆಯ ಮುಂದೆ ಸಣ್ಣ ಜಾಗದಲ್ಲಿ ಮಾಡಿ. ಅವರಿಗೆ ಕಾಣುವುದು ಅಷ್ಟೇ.

ದಕ್ಷಿಣ ಕನ್ನಡದವರು ಇಲ್ಲಿದ್ದರೆ ಎಂಡೋಸಲ್ಫಾನ್ ಹೆಸರು ಆಗಲೇ ಮನಸ್ಸಿಗೆ ಬಂದಿರುತ್ತದೆ. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಆ ಕೀಟನಾಶಕವನ್ನು ವರ್ಷಗಟ್ಟಲೆ ಸಿಂಪಡಿಸಿದರು, ತಮ್ಮ ಮಕ್ಕಳ ಅಂಗವೈಕಲ್ಯಕ್ಕೆ ಅದೇ ಕಾರಣ ಎನ್ನುತ್ತಾರೆ ಅಲ್ಲಿನ ಜನ. ಸುಪ್ರೀಂ ಕೋರ್ಟ್ ಅದರ ತಯಾರಿಕೆ, ಮಾರಾಟ, ಬಳಕೆಯನ್ನು ತಡೆದದ್ದು 2011ರ ಮೇ ತಿಂಗಳಲ್ಲಿ. ಕೊಕ್ಕಡ, ಕೊಯಿಲದ ಪಾಲನಾ ಕೇಂದ್ರಗಳು ಹುಟ್ಟಿಕೊಂಡದ್ದು ಆ ಊರುಗಳ ಜನ ಬಿಡದೆ ಹೋರಾಡಿದ್ದರಿಂದ. ಒಂದೇ ಪ್ರದೇಶದಲ್ಲಿ ಇಷ್ಟು ಕುಟುಂಬಗಳು ಒಟ್ಟಾದಾಗ ಮಾತ್ರ ಹಗಲು ಪಾಲನೆ ಎಂಬುದು ಹಕ್ಕಿನ ಮಾತಾಯಿತು. ಬಿಡಿ ಬಿಡಿ ಮನೆಗಳಲ್ಲಿ ಇರುವವರಿಗೂ ಅದೇ ಹಕ್ಕು ಇದೆ, ಕೇಳುವ ದನಿ ಸಣ್ಣದಿದೆ ಅಷ್ಟೇ.

ಇಷ್ಟು ಹಿನ್ನೆಲೆ ಸಾಕು. ಆಸರೆ ಹೇಗೆ ಕೊಡುವುದು ಎಂಬಲ್ಲಿಗೆ ಬರೋಣ. ನನ್ನ ಮಟ್ಟಿಗೆ ಮೊದಲ ಕೆಲಸ ಸಂವಹನ. ನಡೆಸುವುದು, ಕೂರಿಸುವುದು, ಎಣಿಸಲು ಕಲಿಸುವುದು ಎಲ್ಲ ಆಮೇಲೆ.

ನಮ್ಮ ಕೇಂದ್ರಕ್ಕೆ ಬರುತ್ತಿದ್ದ ಒಬ್ಬ ಹುಡುಗಿಗೆ ಹುಟ್ಟಿನಿಂದ ಕಣ್ಣು ಕಾಣದು, ಕಿವಿ ಬಹುತೇಕ ಕೇಳದು. ಯಾರು ಮುಟ್ಟಿದರೂ ಚೀರುತ್ತಿದ್ದಳು. ಅವಳ ಜಾಗದಲ್ಲಿ ನಿಂತು ನೋಡಿ. ಯಾವುದೋ ಕೈ ಬರುತ್ತದೆ, ಎತ್ತುತ್ತದೆ, ಮೈಮೇಲೆ ನೀರು ಬೀಳುತ್ತದೆ. ಇನ್ನೊಂದು ಕೈ ಬರುತ್ತದೆ, ಬಾಯಿಗೆ ಏನೋ ತುರುಕುತ್ತದೆ. ಯಾವುದಕ್ಕೂ ಮುನ್ಸೂಚನೆ ಇಲ್ಲ. ನಾವಾಗಿದ್ದರೂ ಚೀರುತ್ತಿದ್ದೆವು.

ಮೊದಲು ಮಾಡಿದ್ದು, ಬಂದವರು ಯಾರೆಂದು ಹೇಳುವುದು. ಅಮ್ಮ ಹತ್ತಿರ ಬಂದರೆ ಭುಜ ಮೆಲ್ಲಗೆ ತಟ್ಟಿ ತನ್ನ ಬಳೆಗಳ ಮೇಲೆ ಮಗಳ ಬೆರಳು ಆಡಲು ಬಿಡುವುದು. ಅಪ್ಪನಾದರೆ ಕೈಗಡಿಯಾರ. ನಾನು ಹೋದರೆ ನನ್ನ ಜಡೆ. ಆಮೇಲೆ ಒಂದು ಉದ್ದ ಹಲಗೆಯ ಮೇಲೆ ಎಡದಿಂದ ಬಲಕ್ಕೆ ನಾಲ್ಕು ತೆರೆದ ಡಬ್ಬಗಳನ್ನು ಅಂಟಿಸಿದೆವು. ಮೊದಲನೆಯದರಲ್ಲಿ ಸ್ನಾನದ ಚೊಂಬು. ಎರಡನೆಯದರಲ್ಲಿ ಅವಳು ತಿಂಡಿ ತಿನ್ನುವ ಚಮಚ. ಮೂರನೆಯದರಲ್ಲಿ ಜೋಕಾಲಿಯ ಹಗ್ಗದ ಗೇಣುದ್ದ ತುಂಡು. ನಾಲ್ಕನೆಯದರಲ್ಲಿ ದಿಂಬಿನ ಚೀಲದ ಬಟ್ಟೆ. ಪ್ರತಿ ಕೆಲಸಕ್ಕೂ ಮೊದಲು ಆಯಾ ಡಬ್ಬದ ಹತ್ತಿರ ಕೈ ಒಯ್ಯುವುದು, ವಸ್ತುವನ್ನು ಮುಟ್ಟಿ ನೋಡಲು ಬಿಡುವುದು, ಅದನ್ನು ಹಿಡಿದುಕೊಂಡೇ ಆ ಕೆಲಸಕ್ಕೆ ಹೋಗುವುದು. ಮುಗಿದ ಮೇಲೆ ಕೆಳಗಿನ ಬುಟ್ಟಿಗೆ ಹಾಕಿ ಮುಚ್ಚಳ ಮುಚ್ಚುವುದು. ನೆದರ್ಲೆಂಡ್ಸ್‌ನ ಯಾನ್ ವಾನ್ ಡೈಕ್ ಎಂಬ ಶಿಕ್ಷಣತಜ್ಞರು ಕಿವುಡು-ಅಂಧ ಮಕ್ಕಳ ಜೊತೆ ದುಡಿದು ಬೆಳೆಸಿದ ಕ್ರಮ ಇದು. ಇದನ್ನು ವಸ್ತುಗಳ ದಿನಚರಿ ಎನ್ನಬಹುದು.

ವಾರಗಳು ಕಳೆದವು, ಬದಲಾವಣೆ ಕಾಣಲಿಲ್ಲ. ಆಮೇಲೆ ಚೀರುವುದು ಕಡಿಮೆಯಾಯಿತು, ಯಾಕೆಂದರೆ ಚೊಂಬು ಮುಟ್ಟಿದ ಮೇಲೆ ಬೀಳುವ ನೀರು ಈಗ ಹಠಾತ್ತನೆ ಬೀಳುವ ನೀರಾಗಿ ಉಳಿದಿರಲಿಲ್ಲ. ಒಂದು ಬೆಳಿಗ್ಗೆ ಅವಳು ಚೊಂಬನ್ನೂ ಚಮಚವನ್ನೂ ದಾಟಿ ಮೂರನೆಯ ಡಬ್ಬಕ್ಕೆ ತಾನೇ ಕೈ ಹಾಕಿ, ಹಗ್ಗದ ತುಂಡು ತೆಗೆದು, ತಾಯಿಯ ಅಂಗೈಯಲ್ಲಿಟ್ಟಳು. ಜೋಕಾಲಿ ಬೇಕು ಎಂದಳು. ಆ ತಾಯಿ ಸ್ನಾನ, ತಿಂಡಿ ಎಲ್ಲ ಬಿಟ್ಟು ಮೊದಲು ಜೋಕಾಲಿಗೆ ಕರೆದುಕೊಂಡು ಹೋದರು. ಅದು ಸರಿಯಾದ ಉತ್ತರವಾಗಿತ್ತು. ಮೊದಲ ಬಾರಿ ಕೇಳಿದ್ದು ಸಿಗದೇ ಹೋದರೆ ಕೇಳುವುದರಿಂದ ಏನೂ ಆಗುವುದಿಲ್ಲ ಎಂದು ಮಗು ಕಲಿಯುತ್ತದೆ.

ಇಲ್ಲಿ ಒಂದು ಸೂಕ್ಷ್ಮವಿದೆ. ಇಂಥ ಮಕ್ಕಳ ಕೈಯನ್ನು ಮೇಲಿನಿಂದ ಹಿಡಿದು ಎಳೆಯಬೇಡಿ. ಅವರು ಲೋಕವನ್ನು ನೋಡುವುದು, ನಮಗೆ ಹೇಳುವುದು ಎರಡೂ ಆ ಕೈಗಳಿಂದಲೇ. ನಿಮ್ಮ ಕೈಯನ್ನು ಅವರ ಕೈಯ ಅಡಿಗೆ ಇಡಿ. ನಿಮ್ಮ ಕೈ ಏನು ಮಾಡುತ್ತಿದೆ ಎಂದು ಅವರು ತಿಳಿಯಲಿ. ಸಾಕೆನಿಸಿದರೆ ಕೈ ತೆಗೆಯುವ ಸ್ವಾತಂತ್ರ್ಯ ಅವರಿಗಿರಲಿ.

ಸೆರೆಬ್ರಲ್ ಪಾಲ್ಸಿ ಇರುವ ಮಕ್ಕಳ ತಾಯಂದಿರು ಇನ್ನೊಂದು ಪ್ರಶ್ನೆ ಕೇಳುತ್ತಾರೆ. "ಕಣ್ಣಿನ ಡಾಕ್ಟರು ಕಣ್ಣು ಚೆನ್ನಾಗಿದೆ ಎಂದರು. ಆದರೂ ನನ್ನ ಮುಖ ನೋಡುವುದಿಲ್ಲವಲ್ಲ ಮೇಡಂ?" ಕಣ್ಣು ಸರಿಯಿದ್ದು, ಕಂಡದ್ದನ್ನು ಅರ್ಥ ಮಾಡಿಕೊಳ್ಳುವ ಮಿದುಳಿನ ಭಾಗಕ್ಕೆ ಪೆಟ್ಟಾಗಿದ್ದರೆ ಹೀಗಾಗುತ್ತದೆ. ಈ ಮಕ್ಕಳು ಲೈಟಿನ ಕಡೆಯೇ ದಿಟ್ಟಿಸುತ್ತಾರೆ, ತಿರುಗುವ ಫ್ಯಾನ್ ನೋಡುತ್ತಾರೆ, ವಸ್ತುವನ್ನು ಒಮ್ಮೆ ನೋಡಿ ಮುಖ ಆ ಕಡೆ ತಿರುಗಿಸಿಕೊಂಡು ಕೈ ಚಾಚುತ್ತಾರೆ. ಅದು ಬೇಡ ಎಂಬ ಸೂಚನೆ ಎಂದುಕೊಂಡು ಎಷ್ಟೋ ಮಂದಿ ವಸ್ತುವನ್ನು ಹಿಂದಕ್ಕೆ ತೆಗೆದುಕೊಳ್ಳುತ್ತಾರೆ. ಮನೆಯಲ್ಲಿ ಹೀಗೆ ಮಾಡಿ. ಟಿವಿ ಆರಿಸಿ. ಕ್ಯಾಲೆಂಡರು, ದೇವರ ಪಟ, ಬಟ್ಟೆಯ ದಾರ ತುಂಬಿದ ಗೋಡೆಯ ಮುಂದೆ ಕೂರಿಸದೆ ಒಂದು ಕಪ್ಪು ಬಟ್ಟೆ ಇಳಿಬಿಡಿ. ಅದರ ಮುಂದೆ ಕೆಂಪು ಅಥವಾ ಹಳದಿ ಲೋಟ ಒಂದನ್ನೇ ಹಿಡಿದು ಸ್ವಲ್ಪ ಅಲುಗಾಡಿಸಿ. ಆ ಹೊತ್ತಿನಲ್ಲಿ ಮಾತನಾಡಬೇಡಿ, ನೋಡುವುದು ಮತ್ತು ಕೇಳುವುದು ಎರಡನ್ನೂ ಒಟ್ಟಿಗೆ ಮಾಡಲು ಅವರಿಗೆ ಕಷ್ಟ. ಮತ್ತೆ ಕಾಯಿರಿ. ನಾವು ಕಾಯುವುದು ತೀರಾ ಕಡಿಮೆ. ಉತ್ತರ ಮಿದುಳಿನಿಂದ ಹೊರಟು ಕಣ್ಣಿಗೋ ಕೈಗೋ ಬರುವಷ್ಟರಲ್ಲಿ ನಾವು ಮುಂದಿನ ಪ್ರಶ್ನೆ ಕೇಳಿರುತ್ತೇವೆ.

ಈಗ ಎಲ್ಲರೂ ಕುಳಿತಲ್ಲೇ ಒಂದು ಕೆಲಸ ಮಾಡಿ. ತಲೆಯನ್ನು ಪೂರ್ತಿ ಹಿಂದಕ್ಕೆ ವಾಲಿಸಿ, ಚಾವಣಿ ನೋಡುತ್ತ ಉಗುಳು ನುಂಗಿ. ಕಷ್ಟವಾಯಿತಲ್ಲವೆ? ಈಗ ನೇರ ಕುಳಿತು, ಗದ್ದವನ್ನು ತುಸು ತಗ್ಗಿಸಿ ನುಂಗಿ. ಈ ವ್ಯತ್ಯಾಸವೇ ಎಷ್ಟೋ ಮಕ್ಕಳ ಜೀವ ಉಳಿಸುವ ವ್ಯತ್ಯಾಸ. ಕಾಲಿನ ಮೇಲೆ ಅಂಗಾತ ಮಲಗಿಸಿ, ತಲೆ ಹಿಂದಕ್ಕೆ ಜೋತುಬಿದ್ದಿರುವಾಗ ಗಂಜಿ ಸುರಿದರೆ ಅದು ಅನ್ನನಾಳದ ಬದಲು ಶ್ವಾಸಕೋಶಕ್ಕೆ ಇಳಿಯಬಹುದು. "ಮಗುವಿಗೆ ಪದೇ ಪದೇ ಕಫ, ನ್ಯುಮೋನಿಯಾ" ಎಂದು ಯಾರಾದರೂ ಹೇಳಿದರೆ ನಾನು ಮೊದಲು ಕೇಳುವುದು, ಹೇಗೆ ಉಣ್ಣಿಸುತ್ತೀರಿ ಎಂದು. ಬೆನ್ನಿಗೆ, ಕತ್ತಿಗೆ ಆಸರೆ ಕೊಟ್ಟು ಕೂರಿಸಿ. ಚಮಚ ಎದುರಿನಿಂದ, ಬಾಯಿಯ ಮಟ್ಟಕ್ಕಿಂತ ತುಸು ಕೆಳಗಿನಿಂದ ಬರಲಿ. ಮೊದಲ ತುತ್ತು ನುಂಗಿದ್ದು ಖಚಿತವಾದ ಮೇಲೆ ಎರಡನೆಯದು. ತೆಳು ನೀರಿಗಿಂತ ತುಸು ಮಂದವಾದ ರಾಗಿ ಗಂಜಿ ಹಲವರಿಗೆ ಸುಲಭ. ಯಾವ ಹದ ಸರಿ ಎಂಬುದನ್ನು ನುಂಗುವಿಕೆಯ ತಪಾಸಣೆ ಮಾಡುವ ವಾಕ್ ತಜ್ಞರಲ್ಲಿ ಕೇಳಿಕೊಳ್ಳಿ. ಊಟವಾದ ಮೇಲೂ ಅರ್ಧ ಗಂಟೆ ಕುಳಿತೇ ಇರಲಿ.

ನೋವಿನ ವಿಷಯ. ಮಾತು ಬಾರದ ಯುವಕನೊಬ್ಬ ತನ್ನ ದವಡೆಗೆ ತಾನೇ ಗುದ್ದಿಕೊಳ್ಳುತ್ತಿದ್ದ. "ಬುದ್ಧಿ ಬೆಳೆದಿಲ್ಲ, ಅದಕ್ಕೇ ಹೀಗೆ" ಎಂದರು. ಶಾಂತವಾಗಿಡುವ ಮಾತ್ರೆಯ ಪ್ರಮಾಣ ಏರಿತು. ಕೊನೆಗೆ ಒಬ್ಬ ದಂತವೈದ್ಯೆ ತಾಳ್ಮೆಯಿಂದ ಬಾಯಿ ತೆರೆಸಿ ನೋಡಿದಾಗ ದವಡೆ ಹಲ್ಲು ಕೊಳೆತು ಕೀವು ತುಂಬಿತ್ತು. ಹಲ್ಲು ಕಿತ್ತ ಮೇಲೆ ಗುದ್ದಿಕೊಳ್ಳುವುದು ನಿಂತಿತು. ಅವನು ಅಷ್ಟು ದಿನವೂ ಜಾಗ ತೋರಿಸಿಯೇ ಹೇಳುತ್ತಿದ್ದ. ಇದನ್ನು ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ. ನಡವಳಿಕೆ ಇದ್ದಕ್ಕಿದ್ದಂತೆ ಬದಲಾದರೆ ಹಲ್ಲು, ಕಿವಿ, ಮಲಬದ್ಧತೆ, ಮುಟ್ಟಿನ ನೋವು, ಸೊಂಟದ ಕೀಲು ಜಾರಿರುವುದು, ಒತ್ತಿ ಹುಣ್ಣಾದ ಚರ್ಮ ಇಷ್ಟನ್ನಾದರೂ ನೋಡದೆ ಹಠ ಎಂಬ ಹಣೆಪಟ್ಟಿ ಹಚ್ಚಬೇಡಿ. ಫಿಟ್ಸ್ ಇರುವವರಾದರೆ ಮಾತ್ರೆ ತಪ್ಪಿದೆಯೇ ಎಂಬುದನ್ನೂ ನೋಡಿ. ಯಾರದೋ ಮಾತು ಕೇಳಿ ಫಿಟ್ಸ್ ಮಾತ್ರೆಯನ್ನು ಥಟ್ಟನೆ ನಿಲ್ಲಿಸುವುದು ಅಪಾಯ.

ತಜ್ಞರಿಗೆ ಒಂದು ಮಾತು. ಫಿಸಿಯೋಥೆರಪಿಯವರು ಅರ್ಧ ಗಂಟೆಯ ವ್ಯಾಯಾಮ ಬರೆದುಕೊಡುತ್ತಾರೆ, ವಾಕ್ ತಜ್ಞರು ಅರ್ಧ ಗಂಟೆ, ವಿಶೇಷ ಶಿಕ್ಷಕರಾದ ನಾವೂ ಅರ್ಧ ಗಂಟೆ. ಆ ತಾಯಿ ನೀರು ತರಬೇಕು, ಕೂಲಿಗೆ ಹೋಗಬೇಕು, ಇನ್ನೊಂದು ಮಗುವನ್ನು ಶಾಲೆಗೆ ಕಳಿಸಬೇಕು. ಮಾಡಲಾಗದೆ ಉಳಿದದ್ದಕ್ಕೆ ಮುಂದಿನ ಭೇಟಿಯಲ್ಲಿ ಅವರನ್ನೇ ಗದರುತ್ತೇವೆ. ಇದು ಅನ್ಯಾಯ. ಎಲ್ಲರೂ ಒಟ್ಟಿಗೆ ಕುಳಿತು, ಈ ಮೂರು ತಿಂಗಳು ಒಂದೇ ಗುರಿ ಎಂದು ಕುಟುಂಬದವರ ಜೊತೆ ತೀರ್ಮಾನಿಸಬೇಕು. ಸ್ನಾನ ಮಾಡಿಸುವಾಗಲೇ ಕೈಕಾಲು ನೀಡಿಸುವುದು, ಬಟ್ಟೆ ಹಾಕುವಾಗಲೇ ಎರಡು ಅಂಗಿ ಮುಂದಿಟ್ಟು ಆರಿಸಲು ಬಿಡುವುದು ಎಂದು ದಿನದ ಕೆಲಸದೊಳಗೇ ಅದನ್ನು ಸೇರಿಸಬೇಕು. ನಮ್ಮ ರಾಜ್ಯದಲ್ಲಿ ಗ್ರಾಮ ಪಂಚಾಯಿತಿಗೊಬ್ಬ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ತಾಲ್ಲೂಕಿಗೊಬ್ಬ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು ಇರುವ ವ್ಯವಸ್ಥೆ ಇದೆ. ಈ ಕೊಂಡಿಯಾಗುವ ಕೆಲಸ ಅವರದೇ. ಕಡಿಮೆ ಗೌರವಧನಕ್ಕೆ ಅರ್ಜಿ ತುಂಬಿಸುವುದರಲ್ಲೇ ಅವರ ದಿನ ಕಳೆಯುವಂತೆ ಮಾಡಿರುವುದು ನಮ್ಮ ವ್ಯವಸ್ಥೆಯ ತಪ್ಪು. ಚೆನ್ನೈ ಬಳಿಯ ಮುಟ್ಟುಕಾಡಿನಲ್ಲಿ ಬಹುವಿಧ ಅಂಗವೈಕಲ್ಯಕ್ಕೆಂದೇ 2005ರಲ್ಲಿ ಶುರುವಾದ ರಾಷ್ಟ್ರೀಯ ಸಂಸ್ಥೆ ಇದೆ, ಮೈಸೂರಿನಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಅಲ್ಲಿನ ವಿದ್ಯೆ ಪಂಚಾಯಿತಿ ಮಟ್ಟದ ಈ ಕಾರ್ಯಕರ್ತರ ಕೈಗೆ ಬರಬೇಕು.

ಶಾಲೆಯ ಕುರಿತು ಚಿಕ್ಕದಾಗಿ. 2012ರಲ್ಲಿ ಶಿಕ್ಷಣ ಹಕ್ಕು ಕಾಯ್ದೆಗೆ ತಂದ ತಿದ್ದುಪಡಿ, ಬಹುವಿಧ ಹಾಗೂ ತೀವ್ರ ಅಂಗವೈಕಲ್ಯ ಇರುವ ಮಗು ಮನೆಯಲ್ಲೇ ಕಲಿಯುವುದನ್ನು ಆರಿಸಿಕೊಳ್ಳಬಹುದು ಎಂದಿತು. ಆರಿಸಿಕೊಳ್ಳುವ ಹಕ್ಕು ಮಗುವಿನದು, ಕುಟುಂಬದ್ದು. "ನಿಮ್ಮದು ಗೃಹಾಧಾರಿತ ಶಿಕ್ಷಣದ ಕೇಸು" ಎಂದು ಬಾಗಿಲಲ್ಲೇ ಹಿಂದಕ್ಕೆ ಕಳಿಸುವ ಅಧಿಕಾರ ಶಾಲೆಗಿಲ್ಲ.

ಕೊನೆಯದಾಗಿ ತಂದೆ ತಾಯಿಯರ ನಿದ್ದೆ ಕೆಡಿಸುವ ಪ್ರಶ್ನೆ: ನಾವು ಹೋದ ಮೇಲೆ ಯಾರು? ಮಗುವಿಗೆ 18 ತುಂಬಿದ ದಿನ ಕಾನೂನಿನ ಕಣ್ಣಿನಲ್ಲಿ ನೀವು ತಾನಾಗಿ ಪೋಷಕರಾಗಿ ಉಳಿಯುವುದಿಲ್ಲ. ಆಸ್ತಿ, ಬ್ಯಾಂಕ್ ಖಾತೆಯ ವಿಷಯದಲ್ಲಿ ತೊಡಕಾಗುತ್ತದೆ. ರಾಷ್ಟ್ರೀಯ ನ್ಯಾಸ ಕಾಯ್ದೆಯಡಿ ಜಿಲ್ಲಾಧಿಕಾರಿ ಅಧ್ಯಕ್ಷರಾಗಿರುವ ಸ್ಥಳೀಯ ಮಟ್ಟದ ಸಮಿತಿಗೆ ಅರ್ಜಿ ಹಾಕಿ ಕಾನೂನುಬದ್ಧ ಪೋಷಕರ ನೇಮಕ ಮಾಡಿಸಿಕೊಳ್ಳಬಹುದು. ನೇಮಕವಾದವರು ಆರು ತಿಂಗಳೊಳಗೆ ಆಸ್ತಿಯ ಪಟ್ಟಿ ಒಪ್ಪಿಸಬೇಕು, ವರ್ಷ ವರ್ಷ ಲೆಕ್ಕ ಕೊಡಬೇಕು. ಅಷ್ಟು ಬಿಗಿ ಇರುವುದು ಒಳ್ಳೆಯದೇ. ಅದೇ ಕಾಯ್ದೆಯಡಿಯ ನಿರಾಮಯ ವಿಮೆಯಲ್ಲಿ ಒಂದು ಲಕ್ಷ ರೂಪಾಯಿಯವರೆಗಿನ ಚಿಕಿತ್ಸೆಗೆ, ಥೆರಪಿಗೂ ಸೇರಿ, ನೆರವಿದೆ. ಆದರೆ ಪೋಷಕರ ನೇಮಕವಾಯಿತೆಂದು ವಯಸ್ಸಿಗೆ ಬಂದ ಮಗ ಮಗಳ ಇಷ್ಟಾನಿಷ್ಟ ಕೇಳುವುದನ್ನು ಬಿಡಬೇಡಿ. 2016ರ ಕಾಯ್ದೆ ಹೇಳುವುದು ಸೀಮಿತ ಪೋಷಕತ್ವವನ್ನು. ವ್ಯಕ್ತಿಯ ಇಚ್ಛೆಗೆ ಅನುಗುಣವಾಗಿ, ಅವರ ಜೊತೆ ಸೇರಿ ತೀರ್ಮಾನ ಮಾಡಬೇಕು ಎನ್ನುತ್ತದೆ ಅದು.

ಆ ಇಚ್ಛೆ ಸದ್ಯಕ್ಕೆ ಗೊತ್ತಿರುವುದು ನಿಮಗೆ ಮಾತ್ರ. ಅದಕ್ಕೇ ಇವತ್ತೇ ಒಂದು ನೋಟುಪುಸ್ತಕ ಶುರು ಮಾಡಿ. ಹೌದು ಎನ್ನಲು ಇವಳು ಏನು ಮಾಡುತ್ತಾಳೆ, ಬೇಡ ಎನ್ನಲು ಏನು ಮಾಡುತ್ತಾಳೆ. ಯಾವ ಭಂಗಿಯಲ್ಲಿ ಕೂರಿಸಿದರೆ ಹಾಯಾಗಿರುತ್ತಾಳೆ. ಊಟ ಯಾವ ಹದದಲ್ಲಿರಬೇಕು. ಫಿಟ್ಸ್ ಬರುವ ಮೊದಲು ಮುಖ ಹೇಗಾಗುತ್ತದೆ, ಎಷ್ಟು ನಿಮಿಷ ಮೀರಿದರೆ ಆಸ್ಪತ್ರೆಗೆ ಓಡಬೇಕೆಂದು ವೈದ್ಯರು ಹೇಳಿದ್ದಾರೆ. ನೋವಾದಾಗ ಹೇಗೆ ಅಳುತ್ತಾಳೆ, ಬೇಸರವಾದಾಗ ಹೇಗೆ. ಯಾರ ಜೊತೆ ಇರಲು ಇಷ್ಟ. ಆಸ್ಪತ್ರೆಗೆ ಹೋದಾಗ ನರ್ಸ್ ಕೈಗೆ ಕೊಡಿ, ಹೊಸ ಶಿಕ್ಷಕರು ಬಂದಾಗ ಅವರಿಗೆ ಕೊಡಿ, ಅಣ್ಣನೋ ಅತ್ತಿಗೆಯೋ ಓದಲಿ. ಆರು ತಿಂಗಳಿಗೊಮ್ಮೆ ತಿದ್ದಿ ಬರೆಯಿರಿ, ಯಾಕೆಂದರೆ ಅವಳೂ ಬದಲಾಗುತ್ತಾಳೆ. ಬರೆಯಲು ಬಾರದವರು ಪುನರ್ವಸತಿ ಕಾರ್ಯಕರ್ತರಿಗೆ ಹೇಳಿ ಬರೆಸಿ. ಅವರಲ್ಲಿ ಕೆಲವರು ಇಲ್ಲೇ ಹಿಂದಿನ ಸಾಲಿನಲ್ಲಿದ್ದಾರೆ, ಸಭೆ ಮುಗಿದ ಕೂಡಲೇ ಮಾತನಾಡಿಸಿ, ಅವರು ನಿಮ್ಮ ಮನೆಗೆ ಬರುವ ದಿನವನ್ನು ಗೊತ್ತು ಮಾಡಿಕೊಂಡು ಹೋಗಿ.